ಗಂಡನ ಸಹಿ ಕೇಳಿದ ಚಳಿಗಾಲ

ಹೋದ ತಿಂಗಳು ದೇವರ ಹಿಪ್ಪರಗಿಯಲ್ಲಿ ತಾಳಿಕೋಟೆಯ ಬಸ್ಸಿಗೆ ಕಾಯುತ್ತ ಕೂತಿದ್ದೆ. ಹಿಂದಿನ ಹೊಲದಲ್ಲಿ ಯಾರೋ ಸೀತನಿ ಸುಡುತ್ತಿದ್ದರು. ಎಳೆ ಜೋಳದ ತೆನೆ ಕುಳ್ಳಿನ ಕೆಂಡದಲ್ಲಿ ಬೇಯುವ ವಾಸನೆ ಮೂಗಿಗೆ ಬಂದದ್ದೇ ತಡ, ಎದ್ದು ಬೆಂಚಿನ ಆಚೆ ತುದಿಗೆ ಹೋಗಿ ಕೂತೆ. ಜೊತೆಗಿದ್ದ ತಂಗಿಯ ಮಗಳು, “ದೊಡ್ಡವ್ವಾ, ಸೀತನಿ ತರ್ಲೇನು?” ಎಂದು ಕೇಳಿದಳು. ಬೇಡವೆಂದೆ. “ಯಾಕ, ಹಲ್ಲು ನಡೆಯೂದಿಲ್ಲೇನು?” ಎಂದು ನಕ್ಕಳು. ಎಪ್ಪತ್ತು ದಾಟಿದರೂ ನನ್ನ ಹಲ್ಲು ಗಟ್ಟಿ ಇವೆ. ತಿನ್ನಲಾಗದ್ದು ಬೇರೆ ಕಾರಣಕ್ಕೆ. ಅದನ್ನು ಬಸ್ ಸ್ಟ್ಯಾಂಡಿನಲ್ಲಿ ನಿಂತು ಅವಳಿಗೆ ಹೇಳುವುದು ಹೇಗೆ? ಬರೆದಾದರೂ ಇಡೋಣ ಎಂದು ಈಗ ಕೂತಿದ್ದೇನೆ.

ಎಪ್ಪತ್ತರ ದಶಕದ ಆ ದೊಡ್ಡ ಬರ ಕಳೆದು, ಮೊದಲ ಸಲ ಎರೆಹೊಲಗಳಲ್ಲಿ ಬಿಳಿಜೋಳ ಆಳೆತ್ತರ ನಿಂತ ವರ್ಷ ಅದು. ನನಗೆ ಇಪ್ಪತ್ತಮೂರು. ಹುಟ್ಟಿದ್ದು ಬಸವನ ಬಾಗೇವಾಡಿ. ನರ್ಸಿಂಗ್ ಕಲಿತು ಮೊದಲ ನೌಕರಿಗೆ ಬಂದ ಹಳ್ಳಿ, ತಾಳಿಕೋಟೆಯ ದಾರಿಯಲ್ಲಿ ಬಸ್ ಇಳಿದು ಮೂರು ಮೈಲಿ ಒಳಗಿತ್ತು. ಮಳೆ ಬಿದ್ದ ದಿನ ಆ ಕಪ್ಪು ಮಣ್ಣು ಚಪ್ಪಲಿಯನ್ನು ಹಿಡಿದರೆ ಬಿಡುತ್ತಿರಲಿಲ್ಲ. ಚಪ್ಪಲಿ ಕೈಯಲ್ಲಿ, ಚೀಲ ಹೆಗಲಲ್ಲಿ, ಬಿಳಿ ಸೀರೆಯ ಅಂಚು ಮೊಳಕಾಲಿಗೆ, ಹಾಗೆ ಮನೆಮನೆ ತಿರುಗುತ್ತಿದ್ದೆ. ಊರವರು ನರ್ಸಬಾಯಾರ ಎನ್ನುತ್ತಿದ್ದರು. ನನಗೆ ಸೊಕ್ಕಿತ್ತು, ಮುಚ್ಚಿಡುವುದಿಲ್ಲ. ಮೇಲಿನವರು ಹೇಳಿದ್ದನ್ನು ಒಂದಕ್ಷರ ತಪ್ಪದೆ ಮಾಡಿದರೆ ನಾನು ಒಳ್ಳೆಯ ನರ್ಸು ಎಂದು ತಿಳಿದಿದ್ದೆ.

ತರಬೇತಿಯಲ್ಲಿ ನಮಗೆ ಹೊಸ ಕಾಯ್ದೆಯ ಪಾಠ ಮಾಡಿದ್ದರು. ಬಸುರಿಯ ಜೀವಕ್ಕೆ, ಆರೋಗ್ಯಕ್ಕೆ ಅಪಾಯವಿದ್ದರೆ ಸರಕಾರಿ ದವಾಖಾನೆಯಲ್ಲಿ ಡಾಕ್ಟರೇ ಗರ್ಭ ತೆಗೆಯಬಹುದು. ಮೂರು ತಿಂಗಳೊಳಗೆ ಒಬ್ಬ ಡಾಕ್ಟರ ಅಭಿಪ್ರಾಯ ಸಾಕು, ಅದು ದಾಟಿದರೆ ಇಬ್ಬರದು ಬೇಕು. ಪ್ರಾಯಕ್ಕೆ ಬಂದ ಹೆಂಗಸಾದರೆ ಅವಳೊಬ್ಬಳ ಒಪ್ಪಿಗೆ ಸಾಕು. ಇದನ್ನೆಲ್ಲ ನಾನು ನೋಟ್‌ಬುಕ್ಕಿನಲ್ಲಿ ದುಂಡಗೆ ಬರೆದುಕೊಂಡಿದ್ದೆ. ಆದರೆ ನಮ್ಮ ಹಳ್ಳಿಗಳಿಗೆ ಹತ್ತಿರವಾದ ದವಾಖಾನೆಯ ಡಾಕ್ಟರು ಮೊದಲ ದಿನವೇ ನನ್ನನ್ನು ನಿಲ್ಲಿಸಿಕೊಂಡು, “ಆ ಕೇಸಿಗೆ ಯಾರನ್ನರೆ ಕರಕೊಂಡು ಬಂದ್ರ ಗಂಡನ ಸಹಿ ತರಬೇಕು. ಇಲ್ಲಂದ್ರ ಬಾಗಲಾಗೇ ತಿರುಗಿ ಕಳಸ್ತೇನಿ” ಎಂದರು. ದವಾಖಾನೆ ಯಾವ ಊರಿನದು ಎಂದು ಬರೆಯುವುದಿಲ್ಲ. ಅವರಿಗೂ ಮಕ್ಕಳು ಮೊಮ್ಮಕ್ಕಳು ಇದ್ದಾರು. ನಾನು ಹೂಂ ಎಂದು ಬಂದೆ.

ದೀಪಾವಳಿಯಾದ ಮೇಲೆ ಸಂಗವ್ವ ನನ್ನ ಖೋಲಿಗೆ ಬಂದಳು. ಅವಳಿಗೆ ಕ್ಷಯ. ನಾನೇ ಇಂಜೆಕ್ಷನ್ ಕೊಡುತ್ತಿದ್ದೆ, ಚುಚ್ಚಲು ತೋಳಿನಲ್ಲಿ ಮಾಂಸ ಹುಡುಕಬೇಕಾಗುತ್ತಿತ್ತು. ಇಬ್ಬರು ಮಕ್ಕಳು, ಸಣ್ಣದಕ್ಕೆ ಮೂರು ವರ್ಷ. ಗಂಡ ಬರದಲ್ಲಿ ಸೊಲ್ಲಾಪುರದ ಗಿರಣಿಗೆ ಹೋದವನು ಅಲ್ಲೇ ಉಳಿದಿದ್ದ, ನಡುವೆ ಗಣೇಶನ ಹಬ್ಬಕ್ಕೆ ಬಂದು ಹೋಗಿದ್ದ. ಜೊತೆಗೆ ಅವಳ ಅತ್ತೆ ನೀಲವ್ವ ಬಂದಿದ್ದಳು. ಮಾತೆತ್ತಿದ್ದು ಅತ್ತೆಯೇ.

“ಬಾಯಾರ, ಈಕಿಗೆ ಎರಡು ತಿಂಗಳಾಗೇತಿ. ಕೆಮ್ಮಿದ್ರ ರಗತ ಬರ್ತೇತಿ, ಇನ್ನೊಂದ ಹ್ಯಾಂಗ ಹೊರ್ತಾಳ? ದವಾಖಾನ್ಯಾಗ ತಗೀತಾರಂತ, ಖರೇ ಏನು?”

ಖರೆ ಎಂದೆ. ಗಂಡನ ಸಹಿ ಬೇಕೆಂದೆ. ಆತ ಸೊಲ್ಲಾಪುರದಲ್ಲಿದ್ದಾನೆ, ನಾನು ಹಿರಿಯಳು, ನನ್ನ ಹೆಬ್ಬೆಟ್ಟು ತಗೊಳ್ಳಿ ಎಂದು ನೀಲವ್ವ ಎಡಗೈ ಮುಂದೆ ಚಾಚಿದಳು. ಅತ್ತೆಯ ಹೆಬ್ಬೆಟ್ಟು ನಡೆಯುವುದಿಲ್ಲ ಎಂದೆ. ಸಂಗವ್ವ ಮೆಲ್ಲಗೆ, “ನಂದು?” ಎಂದಳು. ನಾನು, “ಮೊದಲ ಅವನ ಸಹಿ ತರಸವಾ” ಎಂದು ಹೇಳಿ, ಅವರ ಪರವಾಗಿ ಸೊಲ್ಲಾಪುರಕ್ಕೆ ಪತ್ರವನ್ನೂ ನಾನೇ ಬರೆದುಕೊಟ್ಟೆ. ಅಷ್ಟು ಮಾಡಿದ್ದಕ್ಕೆ ನನ್ನ ಬಗ್ಗೆ ನನಗೇ ಮೆಚ್ಚುಗೆಯಾಗಿತ್ತು. ಥೂ.

ಪತ್ರಕ್ಕೆ ಉತ್ತರ ಬರಲಿಲ್ಲ. ದಿನ ಕಳೆದವು, ಸಂಗವ್ವ ಎರಡು ಸಲ ಬಂದು ಟಪಾಲು ಬಂದಿಲ್ಲ ಎಂದು ಹೇಳಿ ಹೋದಳು. ಆಮೇಲೆ ಬರಲಿಲ್ಲ. ಅತ್ತೆಗೆ ಹೇಳದೆ ಯಾವುದೋ ಊರಿಗೆ ಹೋಗಿ, ಗರ್ಭ ಇಳಿಯಲೆಂದು ಯಾರಲ್ಲೋ ಕಡ್ಡಿ ಹಾಕಿಸಿಕೊಂಡು ಬಂದಿದ್ದಳು. ಯಾರ ಕೈ ಎಂದು ಕೊನೆಗೂ ಬಾಯಿ ಬಿಡಲಿಲ್ಲ. ನನಗೆ ಸುದ್ದಿ ಮುಟ್ಟಿದಾಗ ಜ್ವರ ಏರಿ ಮೈ ಕೆಂಡವಾಗಿತ್ತು. ಚಕ್ಕಡಿ ಕಟ್ಟಿ ಹೊರಟೆವು. ಎರೆಹೊಲದ ದಾರಿ ಮುಗಿದು ಡಾಂಬರು ಸಿಗುವ ಮೊದಲೇ ಅವಳ ಉಸಿರು ನಿಂತಿತು. ನೀಲವ್ವ ಅಳಲಿಲ್ಲ, ಎತ್ತುಗಳನ್ನು ತಿರುಗಿಸಲು ಹೇಳಿದಳು.

ಮಣ್ಣು ಮಾಡಿದ ಮರುದಿನ ಟಪಾಲಿನವನು ಬಂದ. ನೀಲವ್ವನಿಗೆ ಓದು ಬಾರದು, ಲಕೋಟೆ ಹಿಡಿದು ನನ್ನ ಬಾಗಿಲಿಗೇ ಬಂದಳು. ಓದಿದೆ. “ಆಕಿ ಹ್ಯಾಂಗ ಅಂತಾಳ ಹಂಗ ಮಾಡ್ರಿ. ಆಕಿ ಜೀವ ಉಳೀಲಿ.” ಕೆಳಗೆ ಮಗನ ಸಹಿ. ಗಿರಣಿಯಲ್ಲಿ ಪಾಳಿ ಬದಲಾಗಿ ಪತ್ರ ಕೈಗೆ ಸಿಕ್ಕಿದ್ದು ತಡವಾಯಿತಂತೆ. ನೀಲವ್ವ ಇನ್ನೊಮ್ಮೆ ಓದು ಎಂದಳು. ಇನ್ನೊಮ್ಮೆ ಓದಿದೆ. ಲಕೋಟೆಯನ್ನು ಮಡಿಲಿಗೆ ಹಾಕಿಕೊಂಡು ಹೊರಟುಹೋದಳು.

ಅದಾಗಿ ಎರಡು ವಾರಕ್ಕೆ ಎಳ್ಳಮಾಸಿ ಬಂತು. ನಮ್ಮ ಕಡೆ ಆ ಅಮಾವಾಸ್ಯೆಯ ದಿನ ಭೂಮಿತಾಯಿ ಬಸುರಿ ಎಂದು ಬಗೆದು, ಅವಳಿಗೆ ಬಯಕೆಯ ಊಟ ಒಯ್ಯುತ್ತೇವೆ. ಸಜ್ಜೆ ರೊಟ್ಟಿ, ಕಡಬು, ಎಣ್ಣೆಗಾಯಿ, ಪುಂಡಿಪಲ್ಯ ಎಲ್ಲವನ್ನೂ ಕಲಸಿ ಹೊಲದ ನಾಲ್ಕೂ ಕಡೆ ಚರಗ ಚೆಲ್ಲಿ, ಆಮೇಲೆ ಎಲ್ಲರೂ ಹೊಲದಲ್ಲೇ ಕೂತು ಉಣ್ಣುವುದು. ಸಾವಾದ ಮನೆಯಲ್ಲಿ ಹಬ್ಬವಿಲ್ಲ. ಆದರೂ ನೀಲವ್ವ, ಭೂಮಿತಾಯಿಯನ್ನು ಉಪವಾಸ ಕೆಡವಲಾರೆ ಎಂದು ಬರೀ ರೊಟ್ಟಿ ಕಟ್ಟಿಕೊಂಡು ಬಂದಿದ್ದಳು. ನನ್ನನ್ನು ಕರೆದವಳೂ ಅವಳೇ. ಹೋಗಬಾರದೆಂದುಕೊಂಡೆ. ಹೋಗದಿರಲು ಧೈರ್ಯವಾಗಲಿಲ್ಲ.

ಗಂಡಸರು ಉಂಡು ಆಚೆಯ ಬದುವಿನಲ್ಲಿ ಸೀತನಿ ಸುಡುತ್ತಿದ್ದರು. ಬನ್ನಿಗಿಡದ ಕೆಳಗೆ ಹೆಂಗಸರು ಮೂವತ್ತು ಮಂದಿ ಇದ್ದೆವು. ಬಹಳ ಮಂದಿ ಬರಗಾಲದ ಕಾಮಗಾರಿಯಲ್ಲಿ ಕೂಡಿ ರಸ್ತೆಗೆ ಖಡಿಕಲ್ಲು ಒಡೆದವರು. ಕೂಲಿ ತಡೆಹಿಡಿದಾಗ ಮೇಸ್ತ್ರಿಯ ಡೇರೆಯ ಮುಂದೆ ಸುತ್ತಿಗೆ ಇಟ್ಟು ಕೂತವರು. ಅವರಲ್ಲಿ ಮಾಳವ್ವ ಎಂಬ ಕುರಿಗಾರರ ಹೆಣ್ಣುಮಗಳೊಬ್ಬಳಿದ್ದಳು. ಅವಳು ಊಟ ಮಾಡದೆ ಎದ್ದು ಜೋಳದ ಸಾಲಿನಲ್ಲಿ ವಾಂತಿ ಮಾಡಿಕೊಂಡು ಬಂದಳು. ನೀಲವ್ವ ನೋಡಿದಳು.

“ಎಷ್ಟಾತು?”

“ಎರಡೂವರಿ ತಿಂಗಳು” ಎಂದಳು ಮಾಳವ್ವ. “ಹ್ವಾದ ಹೆರಿಗಿ ಟೈಮಿಗಿ ರಗತ ನಿಲ್ಲಲಿಲ್ಲ. ಆ ದವಾಖಾನಿ ಡಾಕ್ಟರೇ ಹೇಳ್ಯಾರ, ಇನ್ನೊಂದ ಹಡದ್ರ ನೀ ಉಳಿಯೂದಿಲ್ಲ ಅಂತ. ನಾಕ ಮಕ್ಕಳ ಅದಾವ ನನಗ.”

“ಅಂವ ಎಲ್ಲದಾನ?”

“ಕುರಿ ಹೊಡಕೊಂಡು ಹೋಗ್ಯಾನ. ಇವತ್ತೊಂದು ಹೊಲ, ನಾಳಿಗೊಂದು ಹೊಲ. ಕೃಷ್ಣಾ ಹೊಳಿ ದಾಟಿದ್ನೋ ಏನೋ. ಯಾ ವಿಳಾಸಕ್ಕ ಪತ್ರ ಬರೀಲಿ?”

ನೀಲವ್ವ ನನ್ನ ಕಡೆ ತಿರುಗಿದಳು. “ಬಾಯಾರ, ನೀವು ಓದಿದವರು. ಕಾಯ್ದೆದಾಗ ಏನ ಬರದೈತಿ? ಡಾಕ್ಟರ್ ಏನಂತಾರ ಅದು ಬ್ಯಾಡ. ಕಾಯ್ದೆದಾಗ ಏನೈತಿ?”

ಸುಳ್ಳು ಹೇಳಬಹುದಿತ್ತು. ಸೀತನಿಯ ವಾಸನೆ ಗಾಳಿಯಲ್ಲಿ ತೇಲಿ ಬರುತ್ತಿತ್ತು. ತಟ್ಟೆಯ ರೊಟ್ಟಿ ನೋಡುತ್ತ ಹೇಳಿದೆ, “ಆಕಿ ಒಬ್ಬಾಕಿ ಒಪ್ಪಿಗಿ ಸಾಕು ಅಂತ ಐತಿ.”

“ಗಂಡಂದು?”

“ಬೇಕಿಲ್ಲ.”

“ನಿಮಗ ಗೊತ್ತಿತ್ತೇನು? ಸಂಗಿ ಬಂದಾಗ?”

“ಗೊತ್ತಿತ್ತು.”

ಅವಳು ನನಗೆ ಹೊಡೆಯುತ್ತಾಳೆ ಎಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು. ನೀಲವ್ವ ತನ್ನ ಎಡಗೈಯ ಹೆಬ್ಬೆರಳನ್ನೊಮ್ಮೆ ನೋಡಿಕೊಂಡಳು. ಆಮೇಲೆ, “ಉಣ್ರಿ” ಎಂದಳು. “ಉಂಡು ಏಳ್ರಿ. ಈಕಿನ್ನ ಕರಕೊಂಡು ಎಲ್ಲಾರೂ ದವಾಖಾನಿಗಿ ಹೋಗೂನು. ನೀವೂ ಬರಬೇಕು. ಆ ಮಾತು ಅಲ್ಲಿ ಹೇಳಬೇಕು.”

ಎಲ್ಲರೂ ಹೂಂ ಎನ್ನಲಿಲ್ಲ. ಗೌಡರ ಮನೆಯ ಶಾಂತಕ್ಕ ಸೆರಗು ಸರಿಪಡಿಸಿಕೊಂಡು ಎದ್ದು ನಿಂತಳು. “ಭೂಮಿತಾಯಿಗಿ ಬಯಕಿ ಉಣಿಸಿದ ಕೈಯಿಂದ ಇಂಥಾ ಮಾತೇನು? ಶಿವ ಕೊಟ್ಟಿದ್ದ ತಗಿಯಾಕ ನಾವ್ಯಾರು?”

“ಯಕ್ಕಾ, ನಿಮ್ಮ ಕೆಳಗಿನ ಹೊಲ ಈ ವರ್ಷ ಯಾಕ ಬಿತ್ತಿಲ್ಲ?” ಎಂದು ನೀಲವ್ವ ಕೇಳಿದಳು.

“ಸೋತೈತಿ. ಬೀಳ ಬಿಟ್ಟಾರ.”

“ಮತ್ತ! ಹೊಲ ಸೋತದ್ದು ಗೌಡ್ರಿಗಿ ಕಾಣ್ತೇತಿ. ಈಕಿ ಸೋತದ್ದು ಯಾರ ಕಣ್ಣಿಗೂ ಕಾಣವಲ್ದು.”

ಶಾಂತಕ್ಕ ಬುಟ್ಟಿ ಎತ್ತಿಕೊಂಡು ಹೋಗಿಬಿಟ್ಟಳು. ಉಳಿದವರ ಮಾತು ಬಿಸಿಲು ಇಳಿಯುವವರೆಗೆ ನಡೆಯಿತು. ಬಾಯಿ ಬಿಡದಿದ್ದ ಹೆಂಗಸರು ತಮ್ಮ ತಮ್ಮದನ್ನು ಹೇಳಿಕೊಂಡರು. ಯಾವ ಬೇರು ತಿಂದೆ, ಯಾವ ಕಷಾಯ ಕುಡಿದೆ, ಯಾವ ತಂಗಿ ಹಾಗೇ ಹೋದಳು ಎಂದು. ಒಬ್ಬಳು ಮದುವೆಯಾಗಿ ಹತ್ತು ವರ್ಷ ಮಕ್ಕಳಿಲ್ಲದವಳು. ಅವಳು ಅಳುತ್ತಲೇ, “ನನಗ ಬೇಕು, ಬರವಲ್ದು. ಅಂದ್ರ ಮಾಳವ್ವ ಸಾಯಬೇಕಂತೇನಿಲ್ಲ” ಎಂದಳು. ಆ ಮೂವತ್ತು ಮನೆಗಳಿಗೆ ವರ್ಷದಿಂದ ಹೋಗಿಬರುತ್ತಿದ್ದ ನನಗೆ ಇದರಲ್ಲಿ ಒಂದು ಮಾತೂ ಗೊತ್ತಿರಲಿಲ್ಲ.

ಸಂತೆಯ ದಿನ ಹೊರಟೆವು. ಸಂತೆಗೆ ಎಂದರೆ ಯಾವ ಗಂಡಸೂ ಯಾಕೆ ಎನ್ನುವುದಿಲ್ಲ. ಇಪ್ಪತ್ತಾರು ಜನ ದವಾಖಾನೆಯ ಪಡಸಾಲೆಯಲ್ಲಿ ರೊಟ್ಟಿಗಂಟು ಪಕ್ಕಕ್ಕಿಟ್ಟು ಕೂತರು. ಡಾಕ್ಟರು ಹೊರಗೆ ಬಂದು ನನ್ನನ್ನು ಕಂಡು ಕೆಂಪಾದರು.

“ಏನಿದು ಮೋರ್ಚಾ? ನೀ ಸರಕಾರಿ ನೌಕರಿಯಾಕಿ, ನೆನಪೈತೇನು?”

ನೋಟ್‌ಬುಕ್ ತೆಗೆದು, ತರಬೇತಿಯಲ್ಲಿ ಬರೆದುಕೊಂಡ ಆ ಸಾಲನ್ನು ಓದಿದೆ. ಅವರು ಅದನ್ನು ಕೇಳಿಸಿಕೊಂಡರು. ಕೆಟ್ಟ ಮನುಷ್ಯನಲ್ಲ ಅವರು, ಅಂಜುಬುರುಕ, ನನ್ನಂತೆಯೇ. “ನಾಳೆ ಆಕಿ ಗಂಡ ಬಡಿಗಿ ಹಿಡಕೊಂಡು ಬಂದ್ರ ನೀ ಅಡ್ಡ ನಿಂದರ್ತೀಯೇನು? ಕಾಯ್ದೆ ಬರದವರು ಬರ್ತಾರೇನು?” ಎಂದು ಒಳಗೆ ಹೋದರು.

ಸ್ವಲ್ಪ ಹೊತ್ತಿಗೆ ಕಾರಕೂನ ದೊಡ್ಡ ವಹಿಯೊಂದನ್ನು ಹಿಡಿದು ಬಂದ. ಕೂತವರ ಹೆಸರು, ಗಂಡನ ಹೆಸರು ಬರೆದುಕೊಂಡು ಊರ ಗೌಡರಿಗೆ ಕಳಿಸಬೇಕೆಂದು ಆಜ್ಞೆಯಾಗಿತ್ತು. ಮೊದಲು ನೀಲವ್ವನ ಮುಂದೆ ಕೂತ.

“ಗಂಡನ ಹೆಸರೇನವಾ?”

“ಅಯ್ಯ, ಗಂಡನ ಹೆಸರು ಹೇಳ್ತಾರೇನಪಾ? ನಿಮ್ಮವ್ವ ಹೇಳ್ತಾಳೇನು?”

ಎರಡನೆಯವಳು ಸೆರಗು ಬಾಯಿಗೆ ಒತ್ತಿಕೊಂಡಳು. ಮೂರನೆಯವಳು ನಾಲ್ಕನೆಯವಳನ್ನು ಕೇಳು ಎಂದಳು, ನಾಲ್ಕನೆಯವಳಿಗೆ ಆತನ ಹೆಸರೇ ಗೊತ್ತಿಲ್ಲವಂತೆ, ಬರೀ “ನಮ್ಮನಿಯಾವ್ರು” ಎಂದು ಗೊತ್ತಂತೆ. ಇಪ್ಪತ್ತಾರು ಹೆಂಗಸರಲ್ಲಿ ಒಬ್ಬಳ ಗಂಡನ ಹೆಸರೂ ಆ ವಹಿಗೆ ಬೀಳಲಿಲ್ಲ. ಕಾರಕೂನನೇ ಕೊನೆಗೆ ನಕ್ಕುಬಿಟ್ಟ. ಸಂಗವ್ವ ಹೋದ ಮೇಲೆ ನೀಲವ್ವನ ಮುಖದಲ್ಲಿ ನಗೆ ಕಂಡದ್ದು ಅದೊಂದೇ ಸಲ.

ಆ ದಿನ ಕೆಲಸವಾಗಲಿಲ್ಲ. ಊರಿಗೆ ಮರಳುವಷ್ಟರಲ್ಲಿ ಸುದ್ದಿ ಮುಂದೆ ಓಡಿತ್ತು. ಮರುದಿನ ಬಂದವರು ಒಂಬತ್ತೇ ಜನ. ಒಬ್ಬಳ ಕೆನ್ನೆ ಊದಿತ್ತು. ಮಾಳವ್ವನ ಮೂರು ತಿಂಗಳು ತುಂಬಲು ಹತ್ತು ದಿನವಿತ್ತು. ಅದು ದಾಟಿದರೆ ಇಬ್ಬರು ಡಾಕ್ಟರು ಬೇಕು, ನಮ್ಮಲ್ಲಿದ್ದದ್ದು ಒಬ್ಬರು. ಸಂಜೆ ಬಸ್ಸಿನಲ್ಲಿ ಮಾಳವ್ವ ನನ್ನ ಕಿವಿಯಲ್ಲಿ, “ಆಗಲಿಲ್ಲಂದ್ರ ನಾನೂ ಸಂಗಕ್ಕ ಮಾಡಿದಂಗ ಮಾಡ್ತೇನ್ರಿ. ಹುಡುಗ್ರಿಗಿ ಮಾತ್ರ ಹೇಳಬ್ಯಾಡ್ರಿ” ಎಂದಳು. ನಾನು ಅವಳ ಕೈ ಹಿಡಿದುಕೊಂಡೆ.

ಮೂರನೆಯ ದಿನ ನಾವು ಹೋಗಿ ಕೂತು ಒಂದು ತಾಸಾಗಿರಬೇಕು. ಗೌಡರ ಮನೆಯ ಕಮಾನಿನ ಕೊಲ್ಹಾರಿ ಚಕ್ಕಡಿ ದವಾಖಾನೆಯ ಮುಂದೆ ನಿಂತಿತು. ಇಳಿದವಳು ಶಾಂತಕ್ಕ! ಹಿಂದಿನಿಂದ ಇನ್ನೆರಡು ಚಕ್ಕಡಿ, ತುಂಬ ಹೆಂಗಸರು. ಅವಳು ಬಂದು ನೀಲವ್ವನ ಪಕ್ಕದಲ್ಲಿ, ಆ ಬರೀ ನೆಲದಲ್ಲಿ, ಇಳಕಲ್ ಸೀರೆಯಲ್ಲೇ ಕೂತಳು.

“ನಾ ಇನ್ನೂ ಇದು ಪಾಪ ಅಂತನ ಅಂತೇನಿ, ತಿಳೀತಿಲ್ಲೋ?” ಎಂದಳು.

“ಮತ್ತ ಯಾಕ ಬಂದ್ರಿ?”

“ನಿನ್ನಿ ಸಂಗಿ ಸಣ್ಣ ಮಗಳು ಮಜ್ಜಿಗಿಗಿ ಬಂದಿತ್ತು. ಚರಿಗಿ ಎರಡೂ ಕೈಲೆ ಹಿಡಕೊಂಡು ಬಾಗಲದಾಗ ನಿಂತು, ನಮ್ಮವ್ವ ಊರಿಗಿ ಹೋಗ್ಯಾಳ ಅಂತು. ಇವತ್ತ ಎದ್ದಾಕಿನ ಚಕ್ಕಡಿ ಹೂಡಿಸಿದ್ನಿ.” ಶಾಂತಕ್ಕ ಅತ್ತೇಬಿಟ್ಟಳು. ನೀಲವ್ವ ಅವಳ ಬೆನ್ನ ಮೇಲೆ ಕೈಯಿಟ್ಟಳು.

ಗೌಡರ ಹೆಂಡತಿ ಕೂತಿದ್ದಾಳೆಂದು ಡಾಕ್ಟರು ಹೊರಗೆ ಬರಲೇಬೇಕಾಯಿತು. ಕುರ್ಚಿ ತರಿಸಿದರು, ಶಾಂತಕ್ಕ ಬೇಡವೆಂದಳು. ಅವರು ಮತ್ತೆ ಅದೇ ಮಾತು ಎತ್ತಿದರು: ಗಂಡ ಯಾರು, ಎಲ್ಲಿದ್ದಾನೆ, ನಾಳೆ ಆತ ಕೇಳಿದರೆ ಏನು ಹೇಳಲಿ.

ಆಗ ಮಾಳವ್ವ ಎದ್ದಳು. ಸೆರಗನ್ನು ತಲೆಯ ಮೇಲಿಂದ ಇಳಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. “ನನ್ನ ಗಂಡನ ಹೆಸರು ಬೀರಪ್ಪ” ಎಂದಳು. ಪಡಸಾಲೆಯಲ್ಲಿ ಎಷ್ಟೋ ಹೆಂಗಸರು ಒಮ್ಮೆಲೆ ಉಸಿರೆಳೆದುಕೊಂಡದ್ದು ನನಗೆ ಕೇಳಿಸಿತು. “ಬರಕೋರಿ, ಬೀರಪ್ಪ. ಹದಿನಾಲ್ಕ ವರ್ಷದಾಗ ಈ ಬಾಯಿಲೆ ಒಮ್ಮಿನೂ ಅಂದಿಲ್ಲ, ಅಂದ್ರ ಆತನ ಆಯುಷ್ಯ ಕಡಿಮಿ ಆಗ್ತೇತಂತ. ಇವತ್ತ ಅಂದೇನಿ. ನನ್ನ ಜೀವದ ಸಲುವಾಗಿ ಅಂದೇನಿ. ಆತ ಕೇಳಿದ್ರ ಹೇಳ್ರಿ, ಮಾಳೀನೇ ನಿಂತು ಹೇಳಿದಳು, ಮಾಳೀನೇ ಹೆಬ್ಬೆಟ್ಟು ಒತ್ತಿದಳು ಅಂತ. ಹೊಟ್ಟಿ ನಂದೈತ್ರಿ ಸಾಹೇಬ್ರ. ಸತ್ರ ನಾ ಸಾಯ್ತೇನಿ.”

ನಮ್ಮ ಕಡೆಯವರಿಗೆ ಮಾತ್ರ ಗೊತ್ತು, ಆ ಒಂದು ಹೆಸರನ್ನು ಬಾಯಿಂದ ಹೊರಗೆ ತರಲು ಅವಳು ಏನನ್ನು ದಾಟಿದಳು ಎಂದು. ಡಾಕ್ಟರು ಇದೇ ಸೀಮೆಯವರು, ಅವರಿಗೂ ಗೊತ್ತಿತ್ತು. ತಲೆ ತಗ್ಗಿಸಿ ನಿಂತರು. ಆಮೇಲೆ ಕಾರಕೂನನಿಗೆ, “ಫಾರ್ಮ್ ತಗೊಂಡ್ ಬಾ. ಶಾಯಿನೂ ತಾ” ಎಂದರು. ನನ್ನತ್ತ ನೋಡದೆ, “ಕೈ ತೊಳಕೊಂಡು ಒಳಗ ನಡಿ” ಎಂದರು.

ಮಾಳವ್ವ ಉಳಿದಳು. ಎರಡು ದಿನ ದವಾಖಾನೆಯಲ್ಲಿದ್ದು ಮೂರನೆಯ ದಿನ ಶಾಂತಕ್ಕನ ಚಕ್ಕಡಿಯಲ್ಲಿ ಊರಿಗೆ ಬಂದಳು. ಸುಗ್ಗಿ ಮುಗಿದ ಮೇಲೆ ಬೀರಪ್ಪ ಬಂದ. ಬಡಿಗೆ ಹಿಡಿದಿದ್ದ ನಿಜ, ಆದರೆ ಅದು ಕುರಿಗಾರನ ಕೈಯಲ್ಲಿ ಯಾವಾಗಲೂ ಇರುವ ಬಡಿಗೆ. ನನ್ನ ಖೋಲಿಯ ಮುಂದೆ ಒಂದು ಕಂಬಳಿ ಇಟ್ಟು ಹೋದ. ಆ ಹೊತ್ತಿಗೆ ನನಗೆ ವರ್ಗಾವಣೆಯ ಆದೇಶ ಬಂದಿತ್ತು. ಇಂಡಿ ತಾಲೂಕಿನ ಕಡೆ, ಝಳಕಿಯ ಆಚೆಯ ಒಂದು ಹಳ್ಳಿ. ಕಾರಣ ಬರೆದಿರಲಿಲ್ಲ.

ಹೊರಡುವ ದಿನ ನೀಲವ್ವನ ಮನೆಗೆ ಹೋದೆ. ಅವಳು ಅಂಗಳದಲ್ಲಿ ಮೊಮ್ಮಗಳ ತಲೆಗೆ ಎಣ್ಣೆ ಹಚ್ಚುತ್ತಿದ್ದಳು. ಬಾಗಿಲಲ್ಲೇ ನಿಂತು, ಮೂರು ತಿಂಗಳಿಂದ ನುಂಗಿಕೊಂಡಿದ್ದನ್ನು ಹೇಳಿದೆ, “ಯವ್ವಾ, ನನ್ನಿಂದ ತಪ್ಪಾಗೇತಿ. ಮಾಫಿ ಮಾಡು.”

ಅವಳು ಕೈ ನಿಲ್ಲಿಸಲಿಲ್ಲ. “ಮಾಫಿ ನಾ ಹ್ಯಾಂಗ ಮಾಡ್ಲೆವಾ? ಯಾರನ್ನ ಕೇಳಬೇಕೋ ಆಕಿ ಮಣ್ಣಾಗ ಅದಾಳ. ಆಕಿ ಪರವಾಗಿ ಹೂಂ ಅನ್ನಾಕ ನನಗ ಅಧಿಕಾರ ಇಲ್ಲ.” ಕೂದಲ ಸಿಕ್ಕನ್ನು ಮೆಲ್ಲಗೆ ಬಿಡಿಸಿ ಮತ್ತೆ ಹೇಳಿದಳು, “ನೀ ಹೊಂಟ ಊರಾಗೂ ಹೆಣ್ಮಕ್ಕಳ ಇರ್ತಾರ. ಬಂದಾಕಿಗಿ ಏನ ಬೇಕಂತ ಮೊದಲ ಆಕಿನ್ನ ಕೇಳು.”

ಆ ಸೀಮೆಯಲ್ಲಿ ಇಪ್ಪತ್ತೊಂಬತ್ತು ವರ್ಷ ನೌಕರಿ ಮಾಡಿದೆ. ಬಾಗಿಲಿಗೆ ಬಂದವರನ್ನೆಲ್ಲ ಕೂರಿಸಿ, ನೀರು ಕೊಟ್ಟು, “ನಿನಗೇನ ಬೇಕವಾ?” ಎಂದೇ ಮೊದಲು ಕೇಳಿದೆ. ಎಷ್ಟೋ ಜನ ಉತ್ತರ ಕೊಡುವ ಮುಂಚೆ ಅತ್ತರು, ಹಾಗೆ ಯಾರೂ ಕೇಳಿರಲಿಲ್ಲವಂತೆ. ಅದೇ ಕೆಲಸಕ್ಕೆ ಸಂಗವ್ವ ಮೂರು ಸಲ ನನ್ನೆದುರು ನಿಂತಿದ್ದಳು, ಅವಳನ್ನು ನಾನು ಒಮ್ಮೆಯೂ ಕೇಳಲಿಲ್ಲ.